ಎರಡು ಗಾಜಿನಾಚೆಯ ನೋಟ

ನಮ್ಮೂರಿನಲ್ಲಿ ಅಕ್ಕಿ ತೂಗುವಾಗ ಅಂಗಡಿಯವನೂ ಗಿರಾಕಿಯೂ ಗೋಡೆ ನೋಡುತ್ತ ನಿಲ್ಲುತ್ತಾರೆ. ತಕ್ಕಡಿಯ ಮುಳ್ಳಿಗೆ ಒಂದು ಪುಟ್ಟ ಗಂಟೆ ಕಟ್ಟಿರುತ್ತದೆ. ಎರಡು ತಟ್ಟೆಯೂ ಸಮವಾದಾಗ ಅದು ಟಿಣ್ ಅನ್ನುತ್ತದೆ. ಯಾರಾದರೂ ಕದ್ದು ಒಂದು ತಟ್ಟೆಯತ್ತ ಕಣ್ಣು ಹಾಯಿಸಿದರೋ, ನೋಟದ ಭಾರಕ್ಕೆ ಆ ತಟ್ಟೆ ಇಳಿದು ವ್ಯಾಪಾರ ಕೆಟ್ಟಿತೆಂದೇ ಲೆಕ್ಕ. ಮದುವೆಯಲ್ಲಿ ಹುಡುಗಿಯನ್ನು ಇಬ್ಬರು ಸೋದರತ್ತೆಯರು ಎರಡು ಕಡೆಯಿಂದ ಹಿಡಿದುಕೊಂಡಿರುತ್ತಾರೆ, ಬಂದವರು ನಾಲ್ಕು ನಾಲ್ಕು ಜನರಂತೆ ನೋಡಿ ಊಟಕ್ಕೆ ಹೋಗುತ್ತಾರೆ. ಮಾತಾಡುವಾಗ ನಾವು ಎದುರಿನವರ ಭುಜದಾಚೆ ನೋಡುತ್ತೇವೆ. ಮುಖ ನೋಡಲೇಬೇಕಾದ ಸಂದರ್ಭ ಬಂದರೆ, ಹೆಣ್ಣು ಕೇಳಲು ಹೋದಾಗಲೋ ಸಾವಿನ ಸುದ್ದಿ ಹೇಳುವಾಗಲೋ, ಜೇಬಿನಿಂದ ಮರ್ಯಾದೆ ಕನ್ನಡಕ ತೆಗೆದು ಹಾಕಿಕೊಳ್ಳುತ್ತೇವೆ. ಅದಕ್ಕೆ ನಂಬರಿಲ್ಲ, ಬರೀ ಗಾಜು. ಗಾಜು ದಾಟಿದ ನೋಟ ತೆಳುವಾಗುತ್ತದೆ.

ಆ ಕನ್ನಡಕ ಮಾಡುವವನು ನಾನು. ಹೆಸರು ಮಾದೇವ. ನಮ್ಮಪ್ಪನೂ ಅದನ್ನೇ ಮಾಡುತ್ತಿದ್ದ. ಗಾಜಿನ ವಿಷಯಕ್ಕೆ ಬಂದರೆ ಊರಿನಲ್ಲಿ ನನ್ನ ಮಾತೇ ಕೊನೆ. ಹಾಗೆ ನಂಬಿದ್ದರಿಂದಲೇ ಇಷ್ಟೆಲ್ಲ ಆಯಿತು, ಮತ್ತು ನಂಬಿದವರಲ್ಲಿ ಮೊದಲನೆಯವಳು ನಮ್ಮಕ್ಕ. 

ಅಕ್ಕನ ಹೆಸರು ಚಂಪಕ್ಕ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿ ದೊಡ್ಡದು ಮಾಡಿದವಳು. ಅವಳದು ರಫೂ ಕೆಲಸ. ಹರಿದ ಬಟ್ಟೆಯ ಅಂಚಿನಿಂದಲೇ ಎಳೆ ಬಿಡಿಸಿಕೊಂಡು, ತೂತಿದ್ದ ಜಾಗವನ್ನು ಮತ್ತೆ ನೇಯ್ದು, ಹರಿದದ್ದೇ ಗೊತ್ತಾಗದ ಹಾಗೆ ಮಾಡುವುದು. ಅದಕ್ಕೆ ಕೈ ಹಗುರವಿರಬೇಕು. ಹಾಗಾಗಿ ಮೂವತ್ತು ವರ್ಷ ಅವಳು ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತು ಕೆಲಸ ಮಾಡಿದಳು. ಅವಳ ಕೈ ಕೆಲಸ ಮಾಡುವುದನ್ನು ನಾನೂ ನೋಡಿರಲಿಲ್ಲ, ನೋಡಬಾರದೆಂದು ಚಿಕ್ಕಂದಿನಲ್ಲೇ ಕಿವಿ ಹಿಂಡಿ ಹೇಳಿಕೊಟ್ಟಿದ್ದಳು.

ಸುಧಾಂಶು ಬಂದದ್ದು ಒಂದು ಶಾಲಿನ ನೆವದಿಂದ. ಹೊರಗಿನವನು, ಮೂವತ್ತು ದಾಟಿರಲಿಲ್ಲ, ಎದುರಿಗೆ ಸಿಕ್ಕವರ ಮುಖವನ್ನೆಲ್ಲ ನೆಟ್ಟಗೆ ನೋಡಿಬಿಡುತ್ತಿದ್ದ. ಸಂತೆಯಲ್ಲಿ ಅವನು ನಡೆದು ಹೋದರೆ ಹೆಂಗಸರು “ಸ್ವಲ್ಪ ನೋಟ ತೆಗೀರಪ್ಪ” ಎಂದು ಬುಟ್ಟಿ ಅಡ್ಡ ಹಿಡಿಯುತ್ತಿದ್ದರು. ಅವನಿಗೊಂದು ಕನ್ನಡಕ ಕೊಟ್ಟು ಕೂರಿಸಿದೆ. ಅಕ್ಕ ರಫೂ ಮಾಡಿಕೊಟ್ಟ ಶಾಲನ್ನು ಅವನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಇದನ್ನ ಮಾಡೋದನ್ನ ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕಿ, ಮಾದೇವಣ್ಣ,” ಎಂದ.

“ಯಾರು ನೋಡ್ತಾರೆ? ಒಂದು ತೂತು ಮುಚ್ಚೋಕೆ ಮೂರು ತಾಸು ಹಿಡಿಯುತ್ತೆ.”

“ಆ ಮೂರು ತಾಸನ್ನ ಪೂರ್ತಿ ನೋಡೋರು ಇದಾರೆ. ಸ್ವಲ್ಪ ಜನ, ಆದ್ರೆ ಇದಾರೆ. ಕೋಟಿ ಜನ ಬರೋ ಕಡೆ ನಾವು ಹಾಕಿದ್ರೆ ಅದು ಧೂಳು. ಇಂಥದ್ದನ್ನೇ ಇಷ್ಟ ಪಡೋರಿಗೆ ಅಂತ ಬೇರೆ ಒಂದು ತಾಣ ಮಾಡಿ. ಅವರವರೇ ಮಾತಾಡ್ಕೊಳ್ಳಲಿ. ತಿಂಗಳಿಗೆ ಇಷ್ಟು ಅಂತ ಅವರೇ ಸಂತೋಷವಾಗಿ ಕೊಡ್ತಾರೆ, ಹರಿದ ಬಟ್ಟೆನೂ ಅವರೇ ಕಳಿಸ್ತಾರೆ. ದೊಡ್ಡ ಅಂಗಡಿಗೆ ಬೀದಿಯಲ್ಲಿ ಹೋಗೋರೆಲ್ಲ ಬರ್ತಾರೆ, ಹೋಗ್ತಾರೆ. ನಿಮ್ಮ ಜಗಲಿಗೆ ಬಂದೋರು ಎದ್ದು ಹೋಗಲ್ಲ.”

ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು ಭಯವೂ ಆಯಿತು. ನೋಟದ ಗತಿಯೇನು? ಕೊನೆಗೆ ನಾನೇ ಪರೀಕ್ಷೆ ಮಾಡಿದೆ. ಗುಂಡಶೆಟ್ಟರ ಅಂಗಡಿಯ ತಕ್ಕಡಿಯ ಎರಡು ತಟ್ಟೆಯಲ್ಲೂ ಸಮತೂಕದ ನಿಂಬೆಹಣ್ಣು ಇಡಿಸಿದೆ. ಬರಿಗಣ್ಣಿನಿಂದ ಒಂದನ್ನು ನೋಡಿದೆ, ತಟ್ಟೆ ಇಳಿಯಿತು. ಒಂದು ಗಾಜಿನಿಂದ ನೋಡಿದೆ, ಕೂದಲೆಳೆಯಷ್ಟು ಅಲುಗಿತು. ಗಾಜಿನ ಹಿಂದೆ ಇನ್ನೊಂದು ಗಾಜು ಹಿಡಿದು ನೋಡಿದೆ, ಮುಳ್ಳು ಕದಲಲಿಲ್ಲ. ಕ್ಯಾಮೆರಾದ್ದು ಒಂದು ಗಾಜು, ಫೋನಿನದು ಇನ್ನೊಂದು. ಎರಡು ಗಾಜು ದಾಟಿದ ನೋಟಕ್ಕೆ ಭಾರವಿಲ್ಲ ಎಂದು ಊರ ಹಿರಿಯರ ಮುಂದೆ ಎದೆ ತಟ್ಟಿ ಹೇಳಿದೆ. ಗುಂಡಶೆಟ್ಟರು ಮಾತ್ರ ತಲೆ ಕೆರೆದುಕೊಂಡು, “ನೋಡಿದ್ದು ನೀನೊಬ್ಬನೇ ಅಲ್ವೇನೋ?” ಎಂದರು. ಅವರು ಅನುಮಾನದ ಪ್ರಾಣಿ, ಮೊಸರಿನಲ್ಲೂ ಕಲ್ಲು ಹುಡುಕುವವರು ಎಂದು ನಕ್ಕುಬಿಟ್ಟೆ.

ತಾಣಕ್ಕೆ ನೂಲುಕಟ್ಟೆ ಎಂದು ಹೆಸರಿಟ್ಟೆವು. ಮೊದಲ ತಿಂಗಳು ನಲವತ್ತು ಜನ ಸೇರಿದರು. ಅಕ್ಕನ ಮುಖ ಬೇಡ, ಕೈ ಮಾತ್ರ ಎಂದು ಮೊದಲೇ ಮಾತಾಗಿತ್ತು. ಎರಡು ಕೈ, ಒಂದು ಸೂಜಿ, ಕೆಳಗೆ ಬಿಳಿ ಬಟ್ಟೆ. ಮಾತಿಲ್ಲ, ಹಾಡಿಲ್ಲ. ಆ ನಲವತ್ತು ಜನ ಅದನ್ನು ನೋಡುತ್ತ ಕೂತು ತಮ್ಮ ತಮ್ಮಲ್ಲೇ ಬರೆದುಕೊಳ್ಳುತ್ತಿದ್ದರು. ಒಬ್ಬ ಆಸ್ಪತ್ರೆಯಲ್ಲಿ ರಕ್ತ ಶುದ್ಧಿಗೆ ಮಲಗಿದಾಗ ಇದನ್ನು ನೋಡುತ್ತಿದ್ದನಂತೆ. ಇನ್ನೊಬ್ಬಳು ಮಗು ಮಲಗಿದ ಮೇಲೆ. ಒಬ್ಬರು ನಿವೃತ್ತ ಮೇಷ್ಟರು ಸಂಜೆ ಕಾಫಿ ಇಟ್ಟುಕೊಂಡು, “ಇವತ್ತು ಚಂಪಕ್ಕನವರು ಎಡಗೈ ಬೆರಳು ಸ್ವಲ್ಪ ಬಿಗಿ ಹಿಡಿದಿದ್ದಾರೆ, ಚಳಿ ಇರಬೇಕು” ಎಂದು ಬರೆದಿದ್ದರು. ನಾನು ಅದನ್ನೆಲ್ಲ ಅಕ್ಕನಿಗೆ ಓದಿ ಹೇಳುತ್ತಿದ್ದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮೂವತ್ತು ವರ್ಷ ಯಾರೂ ನೋಡದ ಕೈ ಅದು.

ಬಟ್ಟೆಗಳು ಬರತೊಡಗಿದವು. ಅಂಚೆಯವನಿಗೆ ನಮ್ಮ ಮನೆಯೇ ಕೊನೆಯ ನಿಲ್ದಾಣವಾಯಿತು. ನಲವತ್ತು ಹೋಗಿ ನಾನೂರಾಯಿತು. ಬೀಗ ರಿಪೇರಿಯವನಿಗೆ, ಜರಡಿ ಹೆಣೆಯುವವಳಿಗೆ ಬೇರೆ ಬೇರೆ ಕಟ್ಟೆ ಮಾಡಬೇಕೆಂದು ಸುಧಾಂಶು ಹಾಳೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ. ಊರೆಲ್ಲ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿತ್ತು. ನಾನೂ ಸ್ವಲ್ಪ ಬೀಗಿದೆ ಅನ್ನಿ.

ಅಕ್ಕನ ಕೈಯಿಂದ ಸೂಜಿ ಬಿದ್ದದ್ದನ್ನು ನಾನು ಮೊದಲು ಗಮನಿಸಲಿಲ್ಲ. ಆಮೇಲೆ ಅವಳು ಬಳೆ ತೆಗೆದಿಟ್ಟಳು. ಯಾಕಕ್ಕ ಎಂದರೆ ಸೆಕೆ ಎಂದಳು. ಬಿಂದಿಗೆ ಎತ್ತಲು ಪಕ್ಕದ ಮನೆಯವಳನ್ನು ಕರೆಯತೊಡಗಿದಳು. ಊಟದ ಹೊತ್ತಿಗೆ ತುತ್ತು ಬಾಯಿಗೆ ಬರುವಷ್ಟರಲ್ಲಿ ಕೈ ಎರಡು ಸಲ ನಿಲ್ಲುತ್ತಿತ್ತು. ನಾನು ಭುಜದಾಚೆ ನೋಡುವವನು, ನೋಡದೇ ಇರುವುದೇ ಪ್ರೀತಿ ಎಂದು ಕಲಿತವನು, ನನಗೆ ಕಾಣಲಿಲ್ಲ.

ಕಂಡದ್ದು ಗುಂಡಶೆಟ್ಟರ ಅಂಗಡಿಯಲ್ಲಿ. ನನ್ನ ಜೊತೆ ಬೇಳೆ ಕೊಳ್ಳಲು ಬಂದ ಅಕ್ಕ ಆಯಾಸವಾಗಿ ಕೈಯನ್ನು ಆಸರೆಗೆ ಅಂತ ಖಾಲಿ ತಟ್ಟೆಯ ಮೇಲೆ ಇಟ್ಟಳು. ಇನ್ನೊಂದು ತಟ್ಟೆಯಲ್ಲಿ ಐದು ಸೇರಿನ ಕಲ್ಲಿತ್ತು. ಕಲ್ಲು ಮೇಲೆ ಹೋಯಿತು. ಅಂಗಡಿಯಲ್ಲಿದ್ದವರೆಲ್ಲ ಗೋಡೆಯತ್ತ ತಿರುಗಿದ್ದರು, ಯಾರೂ ಅವಳನ್ನು ನೋಡುತ್ತಿರಲಿಲ್ಲ. ಶೆಟ್ಟರು ಇನ್ನೊಂದು ಐದು ಸೇರಿಟ್ಟರು. ಅದೂ ಮೇಲೆ ಹೋಯಿತು. ಮೂರನೆಯದಕ್ಕೆ ಗಂಟೆ ಟಿಣ್ ಎಂದಿತು. ಗೋಡೆಗೆ ಮುಖ ಮಾಡಿ ನಿಂತಿದ್ದ ನಾನು ಗೋಡೆಯ ಮೇಲೆ ಬಿದ್ದ ನೆರಳಿನಲ್ಲೇ ಇದನ್ನೆಲ್ಲ ಕಂಡೆ.

“ಎಷ್ಟು ದಿನದಿಂದ ಅಕ್ಕ?” ದಾರಿಯಲ್ಲಿ ಕೇಳಿದೆ.

“ಹೋಗ್ಲಿ ಬಿಡೋ. ಪಾಪ, ಪ್ರೀತಿಯಿಂದ ನೋಡ್ತಾರೆ.”

“ಎಷ್ಟು ದಿನದಿಂದ?”

“ಮೊದಲನೇ ದಿನದಿಂದಾನೇ. ಆಗ ಒಂದೊಂದು ನೋಟಾನೂ ಎಳ್ಳು ಕಾಳಿನಷ್ಟು ಇತ್ತು ಕಣೋ. ನಲವತ್ತು ಎಳ್ಳು ಒಂದು ಭಾರವೇ? ನೀನು ಅಷ್ಟು ಖುಷಿಯಾಗಿ ಓದ್ತಿದ್ದೆ.”

ಆ ದಿನವೇ ತಾಣವನ್ನು ಮುಚ್ಚಿಬಿಡುತ್ತೇನೆಂದೆ. ಅಕ್ಕ ಬೇಡವೆಂದಳು. ಒಪ್ಪಿಕೊಂಡ ಒಂದು ಅಂಗಿ ಬಾಕಿ ಇದೆ, ಅದಾದ ಮೇಲೆ ನೋಡೋಣ ಎಂದಳು. ವನಮಾಲಮ್ಮ ಎನ್ನುವವರು ಕಳಿಸಿದ್ದ ಅಂಗಿ ಅದು. ಅವರು ಮೊದಲ ನಲವತ್ತರಲ್ಲಿ ಒಬ್ಬರು. ಗಂಡ ಬಸ್ ಕಂಡಕ್ಟರ್ ಆಗಿದ್ದು ತೀರಿಕೊಂಡವರು. ಕಡೆಯ ಪಾಳಿ ಮುಗಿಸಿ ಬಂದು ಅವರು ಮೊಳೆಗೆ ನೇತುಹಾಕಿದ ಖಾಕಿ ಅಂಗಿಯನ್ನು ವನಮಾಲಮ್ಮ ಹನ್ನೊಂದು ವರ್ಷ ತೆಗೆದಿರಲಿಲ್ಲ. ಕಾಲರಿನ ಕೆಳಗೆ, ಮೊಳೆ ಕೂತಿದ್ದ ಜಾಗದಲ್ಲೇ ಅದು ಹರಿದು ನೆಲಕ್ಕೆ ಬಿದ್ದಿತ್ತು. ಅಕ್ಕ ಅದನ್ನು ನಾಲ್ಕು ದಿನ ಕೂತು ಮುಚ್ಚಿದಳು. ಒಂದೊಂದು ಎಳೆಗೂ ಕೈಯನ್ನು ತೊಡೆಯ ಮೇಲಿಟ್ಟು ಸುಧಾರಿಸಿಕೊಂಡಳು. ಆ ನಿಧಾನವೇ ನೋಡುವವರಿಗೆ ಬೇರೆ ಏನೋ ಆಗಿ ಕಂಡಿತು. ನೋಡಿದವರೆಲ್ಲ ಅತ್ತರಂತೆ. ಅವರಲ್ಲಿ ಯಾರೋ ಒಬ್ಬರು, ಕೆಟ್ಟ ಬುದ್ಧಿಯಿಂದಲ್ಲ, ಎಲ್ಲರೂ ನೋಡಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ, ಅದರ ತುಣುಕೊಂದನ್ನು ಕೋಟಿ ಜನ ಬರುವ ದೊಡ್ಡ ತಾಣಕ್ಕೆ ಹಾಕಿಬಿಟ್ಟರು.

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಹಿಂದಿನ ಕೋಣೆಯಿಂದ ಧಡ್ ಎಂಬ ಸದ್ದು ಬಂತು. ಓಡಿ ಹೋದೆ. ಅಕ್ಕ ನೆಲದ ಮೇಲೆ ಮೊಣಕಾಲೂರಿ ಬಾಗಿದ್ದಳು. ಎರಡು ಅಂಗೈಯೂ ನೆಲಕ್ಕೆ ಅಂಟಿದ್ದವು. ಎತ್ತಲು ಹೋದೆ, ಒಂದು ಬೆರಳೂ ಅಲುಗಲಿಲ್ಲ. ನಾನು, ಸುಧಾಂಶು, ಪಕ್ಕದ ಮನೆಯವರು, ನಾಲ್ಕು ಜನ ಸೇರಿ ಎತ್ತಿದರೂ ಇಲ್ಲ. ನಾವು ನೋಡುತ್ತಿರುವಾಗಲೇ, ಅಲ್ಲ, ಎಲ್ಲರೂ ಮುಖ ತಿರುಗಿಸಿಕೊಂಡಿರುವಾಗಲೇ, ಕೈಯ ಕೆಳಗಿನ ಕಡಪ ಕಲ್ಲು ಚಟ್ ಎಂದು ಸೀಳಿತು. ನಾನು ವೈದ್ಯರನ್ನು ಕರೆಯಲು ಓಡಿದೆ.

ವೈದ್ಯರು ಬಂದು ಕನ್ನಡಕ ಹಾಕಿಕೊಂಡು ಒಂದೇ ಕ್ಷಣ ನೋಡಿದರು. “ರಕ್ತ ಓಡ್ತಿಲ್ಲ. ನಾಳೆ ಸಂಜೆ ಹೊತ್ತಿಗೆ ಹಗುರ ಆಗದಿದ್ರೆ ಕೈ ಉಳಿಯಲ್ಲ, ಮಾದೇವ. ಮಣಿಕಟ್ಟಿನವರೆಗೆ ತೆಗೀಬೇಕಾಗುತ್ತೆ.” ಅಕ್ಕ ಕೇಳಿಸಿಕೊಂಡಳು. ನಾನು ನೂಲುಕಟ್ಟೆಯಲ್ಲಿದ್ದ ವಿಡಿಯೋಗಳನ್ನೆಲ್ಲ ಅಳಿಸಿದೆ. ಕೈ ಹಗುರವಾಗಲಿಲ್ಲ. ದೊಡ್ಡ ತಾಣದಲ್ಲಿ ಅದೇ ತುಣುಕಿನ ನಕಲು, ನಕಲಿನ ನಕಲು. ನೋಡಿದವರ ಸಂಖ್ಯೆ ಕಣ್ಣೆದುರೇ ಏರುತ್ತಿತ್ತು. ಕೆಳಗೆಲ್ಲ ಕೈ ಮುಗಿಯುವ ಗುರುತು, ಹೃದಯದ ಗುರುತು. ಅಷ್ಟು ಜನರ ಒಳ್ಳೆಯತನ ನಮ್ಮಕ್ಕನ ಕೈಯ ಮೇಲೆ ಕೂತಿತ್ತು.

ಸುಧಾಂಶು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದ. ಅವನನ್ನು ಬೈಯಬೇಕೆನಿಸಿತು. ಆದರೆ ತಕ್ಕಡಿ ಪರೀಕ್ಷೆ ಮಾಡಿದ್ದು ಅವನಲ್ಲ.

“ಎಷ್ಟು ದಿನಕ್ಕೆ ಜನ ಮರೀತಾರೆ?” ಎಂದೆ.

“ಆರು ದಿನ. ಏಳು ದಿನ. ಇನ್ನೊಂದು ಏನಾದ್ರೂ ಸಿಗೋವರೆಗೆ.”

“ಇನ್ನೊಂದು ಅಂದ್ರೆ?”

“ಜನರ ಕಣ್ಣನ್ನ ಮುಚ್ಚಿಸೋಕಾಗಲ್ಲ ಮಾದೇವಣ್ಣ. ತಿರುಗಿಸಬಹುದು. ಇದನ್ನ ನೋಡಿ ಕರಗಿದಾರಲ್ಲ, ಅವರಿಗೆ ಕೋಪ ಬರಬೇಕು. ಕರಗಿದವರು ಒಂದು ಸಲ ನೋಡ್ತಾರೆ, ಸಿಟ್ಟಾದವರು ಹತ್ತು ಸಲ ನೋಡ್ತಾರೆ.” ಹೇಳಿದ ಮೇಲೆ ಅವನಿಗೇ ಹೆದರಿಕೆಯಾಗಿ ಬಾಯಿ ಮುಚ್ಚಿಕೊಂಡ.

ಖಾಕಿ ಅಂಗಿ ಇನ್ನೂ ನಮ್ಮ ಮನೆಯಲ್ಲೇ ಇತ್ತು. ಮಡಿಸಿ, ಕಾಗದ ಸುತ್ತಿ, ಅಂಚೆಗೆ ಹಾಕಲು ಇಟ್ಟಿದ್ದೆವು. ನಾನು ಅದನ್ನು ಕೈಗೆತ್ತಿಕೊಂಡೆ, ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಆಮೇಲೆ ವನಮಾಲಮ್ಮನವರಿಗೆ ಫೋನು ಮಾಡಿದೆ. ಅದುವರೆಗೂ ಅವರ ದನಿ ಕೇಳಿರಲಿಲ್ಲ. ನಮ್ಮೂರಿನ ನೋಟದ ಕತೆಯನ್ನೆಲ್ಲ ಹೇಳಿದೆ. ಹುಚ್ಚನೆಂದು ಫೋನಿಡುತ್ತಾರೆ ಎಂದುಕೊಂಡಿದ್ದೆ. ಅವರು ಇಡಲಿಲ್ಲ.

“ಚಂಪಕ್ಕನ ಕೈ ಭಾರ ಆಗ್ತಿದೆ ಅಂತ ನಮ್ಮ ಮೇಷ್ಟರು ಹೋದ ತಿಂಗಳೇ ನಮಗೆಲ್ಲ ಬೇರೆಯಾಗಿ ಬರೆದಿದ್ರು, ನೋಡೋರು ಹೆಚ್ಚಾದಷ್ಟೂ ಕೈ ಬಗ್ಗುತ್ತೆ ಅಂತ,” ಎಂದರು. “ನಾವು ನಲವತ್ತು ಜನಾನೂ ಅವತ್ತಿಂದ ನೋಡೋದು ಬಿಟ್ವಿ. ದುಡ್ಡು ಮಾತ್ರ ಕಳಿಸ್ತಿದ್ವಿ, ನೋಡ್ತಿರಲಿಲ್ಲ. ನಿಮಗೆ ಗೊತ್ತಾಗಲಿಲ್ವೇನಪ್ಪ?”

ಗೊತ್ತಾಗಿರಲಿಲ್ಲ. ಆ ತಾಣದಿಂದ ಏನೇನು ಸಿಗಬಹುದೆಂದು ಸುಧಾಂಶು ಗೆರೆ ಎಳೆದ ಹಾಳೆಗಳಲ್ಲಿ ಎಲ್ಲೂ ಇದು ಇರಲಿಲ್ಲ.

“ಅಂಗಿ ಕತ್ತರಿಸಬೇಕಮ್ಮ, ಜನರ ಕಣ್ಣು ನನ್ನತ್ತ ತಿರುಗಬೇಕು,” ಎಂದೆ. 

ಅತ್ತ ಕಡೆ ಎಲ್ಲೋ ಕುಕ್ಕರ್ ಕೂಗಿತು. “ಕತ್ತರಿಸಿ,” ಎಂದರು. “ಕಾಲರ್ ಹತ್ತಿರ ಶುರು ಮಾಡಬೇಡಿ. ಕೆಳಗಿಂದ ಶುರು ಮಾಡಿ. ನಾನು ನೋಡೋದಿಲ್ಲ.”

ಕೈಯನ್ನು ಮಾತ್ರ ತೋರಿಸಿದರೆ ಆಗುವುದಿಲ್ಲವೆಂದು ನನಗೆ ತಿಳಿದಿತ್ತು. ಕೈಯನ್ನು ಜನ ಪ್ರೀತಿಸಬಲ್ಲರು, ಬೈಯಲಾರರು. ಬೈಯಲು ಮುಖ ಬೇಕು. ನಾನು ಕ್ಯಾಮೆರಾದ ಮುಂದೆ ಕೂತು, ಹುಟ್ಟಿದ ಮೇಲೆ ಮೊದಲ ಸಲ, ಗಾಜಿನೊಳಕ್ಕೆ ನೆಟ್ಟಗೆ ನೋಡಿದೆ. ಹೆಸರು ಹೇಳಿದೆ. ಇದು ನೀವೆಲ್ಲ ನೋಡಿ ಅತ್ತ ಅಂಗಿ, ಒಬ್ಬ ಮುದುಕಿ ಬಿಟ್ಟಿ ಕೆಲಸ ಮಾಡಿಸಿಕೊಂಡಳು, ನನಗೆ ಲಾಭವಿಲ್ಲ ಎಂದೆ. ನಗಲು ಪ್ರಯತ್ನಿಸಿದೆ. ನಗು ಸರಿಯಾಗಿ ಬರಲಿಲ್ಲ, ಅದರಿಂದ ಇನ್ನೂ ಕೆಟ್ಟದಾಗಿ ಕಂಡಿತಂತೆ. ಆಮೇಲೆ ಕತ್ತರಿ ತೆಗೆದುಕೊಂಡು ಕೆಳಗಿನ ಅಂಚಿನಿಂದ ಶುರು ಮಾಡಿದೆ. ಅಕ್ಕ ನಾಲ್ಕು ದಿನ ಕೂತು ನೇಯ್ದ ಜಾಗ ಬಂದಾಗ ಕತ್ತರಿ ಒಂದು ಕ್ಷಣವೂ ತಡೆಯಲಿಲ್ಲ. ಅಲ್ಲಿ ಹರಿದಿತ್ತೆಂದು ಬಟ್ಟೆಗೇ ಮರೆತುಹೋಗಿತ್ತು.

ಸುಧಾಂಶು ಅದನ್ನು ದೊಡ್ಡ ತಾಣಕ್ಕೆ ಹಾಕಿದ. ಮೊದಲ ಅರ್ಧ ದಿನವನ್ನು ನೆನೆಸಿಕೊಳ್ಳಲಾರೆ. ನನ್ನನ್ನು ನೋಡಿದವರೆಲ್ಲ, ಇವನು ಹಾಳು ಮಾಡಿದ್ದು ಏನನ್ನು ಎಂದು ತಿರುಗಿ ಅಕ್ಕನ ಕೈ ನೋಡಲು ಹೋದರು. ಕಲ್ಲು ಮತ್ತೆರಡು ಕಡೆ ಸೀಳಿತು. ಮೂವತ್ತು ವರ್ಷ ದನಿ ಎತ್ತದ ಅಕ್ಕ ಊರಿಗೆಲ್ಲ ಕೇಳುವ ಹಾಗೆ ಕಿರುಚಿದಳು. ನಾನು ಮಾಡಿದ್ದು ತಿರುಗುಬಾಣವಾಯಿತು, ನನ್ನ ಕೈಯಾರೆ ಅವಳ ಕೈ ಕಳೆದೆ ಎಂದು ಗೋಡೆಗೆ ತಲೆ ಚಚ್ಚಿಕೊಂಡೆ. ನನ್ನ ಹೆಗಲ ಮೇಲೂ ಭಾರ ಬೀಳುತ್ತಿತ್ತು, ಆದರೆ ಸಾಲದು, ಇನ್ನೂ ಬರಲಿ, ಎಲ್ಲರೂ ಇತ್ತ ಬರಲಿ ಎಂದು ಕೂಗುತ್ತಿದ್ದೆನಂತೆ. ಭಾರಕ್ಕೆ ನೆಲಕ್ಕೆ ಒರಗಿದ ನನ್ನ ತಲೆಯ ಕೆಳಗೆ ಗುಂಡಶೆಟ್ಟರು ಅಕ್ಕಿ ಮೂಟೆ ಇಟ್ಟರು.

ಮರುದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ನನ್ನ ಎದೆಯ ಮೇಲೆ ಯಾರೋ ಬೀಸುಕಲ್ಲು ಇಟ್ಟಂತಾಯಿತು. ಅದರ ಮೇಲೆ ಇನ್ನೊಂದು. ಉಸಿರು ಹೊರಗೆ ಹೋದದ್ದು ಒಳಗೆ ಬರಲು ಹೆಣಗಿತು. ಸಾಯುತ್ತೇನೆ ಎಂದು ಹೆದರಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಅಕ್ಕನನ್ನು ಮರೆತು ನನ್ನ ಪ್ರಾಣಕ್ಕಾಗಿ ಹೆದರಿದೆ. ಅಷ್ಟರಲ್ಲಿ ಒಳಗಿನಿಂದ ವೈದ್ಯರ ಕೂಗು ಕೇಳಿಸಿತು. ಅಕ್ಕನ ಕಿರುಬೆರಳು ನೆಲದಿಂದ ಎದ್ದಿತ್ತು.

ಅದಾಗಿ ಎರಡು ತಿಂಗಳಾಯಿತು. ಅಕ್ಕನ ಕೈ ಉಳಿಯಿತು. ಬಲಗೈಯ ಎರಡು ಬೆರಳು ಮರಗಟ್ಟಿವೆ, ಉಳಿದವು ಸೂಜಿ ಹಿಡಿಯುತ್ತವೆ. ನಾನು ಪಡಸಾಲೆಯ ನೆಲದ ಮೇಲೆ ಅಂಗಾತ ಮಲಗಿದ್ದೇನೆ. ಆರು ದಿನವೆಂದು ಸುಧಾಂಶು ಹೇಳಿದ್ದು ಪ್ರೀತಿಯ ಲೆಕ್ಕ, ಸಿಟ್ಟಿನ ಲೆಕ್ಕ ಉದ್ದವಿರುತ್ತದೆ. ಆದರೂ ಇಳಿಯುತ್ತಿದೆ. ಕಳೆದ ವಾರ ಹೆಬ್ಬೆರಳು ಎತ್ತಿದೆ. ಇದ್ದಕ್ಕಿದ್ದಂತೆ ಯಾವ ದಿನ ಯಾರು ನನ್ನನ್ನು ಮತ್ತೆ ನೆನಪಿಸಿಕೊಳ್ಳುತ್ತಾರೋ ಎಂಬ ಹೆದರಿಕೆ ಮಾತ್ರ ಹೋಗುವುದಿಲ್ಲ. ಇದನ್ನು ನಾನು ಹೇಳುತ್ತಿದ್ದೇನೆ, ಗುಂಡಶೆಟ್ಟರು ಗೋಡೆಗೆ ಮುಖ ಮಾಡಿ ಕೂತು ಬರೆದುಕೊಳ್ಳುತ್ತಿದ್ದಾರೆ.

ಕತ್ತರಿಸಿದ ಅಂಗಿಯ ತುಂಡುಗಳನ್ನೆಲ್ಲ ಅಕ್ಕ ಒಟ್ಟುಮಾಡಿದ್ದಾಳೆ. ದಿನಕ್ಕೆ ಒಂದು ಬೆರಳಿನಷ್ಟು ಕೂಡಿಸುತ್ತಾಳೆ. ಯಾರೂ ನೋಡುವುದಿಲ್ಲ. ಮುಗಿಯಲು ವರ್ಷ ಬೇಕಾಗಬಹುದು ಎಂದು ಪತ್ರ ಬರೆಸಿದಾಗ ವನಮಾಲಮ್ಮ, ಮೊಳೆ ಖಾಲಿ ಇದೆ, ಅವಸರವಿಲ್ಲ ಎಂದು ಉತ್ತರ ಬರೆದರು.

ಹೊತ್ತು ಹೊತ್ತಿಗೆ ಅಕ್ಕನೇ ನನಗೆ ಅನ್ನ ಕಲಸಿ ತಿನ್ನಿಸುತ್ತಾಳೆ. ತಿನ್ನಿಸುವಾಗ ಗೋಡೆ ನೋಡುತ್ತಾಳೆ. ಬೆರಳಿನಿಂದ ತಡವಿ ನನ್ನ ಬಾಯಿ ಹುಡುಕುತ್ತಾಳೆ, ಒಂದೊಂದು ಸಲ ತುತ್ತು ಗಲ್ಲಕ್ಕೆ ಹೋಗುತ್ತದೆ. ನನಗೆ ಒಂದು ಎಳ್ಳು ಕಾಳಿನಷ್ಟೂ ಭಾರ ಹೆಚ್ಚಾಗಬಾರದೆಂದು ಅವಳ ಹಟ. ಇವತ್ತು ಮಧ್ಯಾಹ್ನ ಮಾತ್ರ, ಬಟ್ಟಲು ಖಾಲಿಯಾದ ಮೇಲೆ, ಅವಳು ಎದ್ದು ಹೋಗಲಿಲ್ಲ. ಇತ್ತ ತಿರುಗಿದಳು. ಕನ್ನಡಕವಿರಲಿಲ್ಲ. ಬರಿಗಣ್ಣಿನಿಂದ ನನ್ನ ಮುಖವನ್ನು, ಹಣೆಯಿಂದ ಗಲ್ಲದವರೆಗೆ, ಬಹಳ ಹೊತ್ತು ನೋಡಿದಳು.

“ಭಾರ ಆಯ್ತೇನೋ ಮಾದು?” ಎಂದಳು.

ಪಕ್ಕೆಲುಬು ಮುರಿಯುವಂತೆ ಭಾರವಾಗಿತ್ತು. ಇಲ್ಲ ಎಂದೆ, ಇನ್ನೂ ಸ್ವಲ್ಪ ಹೊತ್ತು ನೋಡು ಎಂದೆ.